ಮುಕ್ಕಾಲು ಗಂಟೆಯ ವಿಮಾನ

ಚನ್ನಗಿರಿಯ ಮುರುಗೇಶಪ್ಪ ಮೇಷ್ಟ್ರು ಇಪ್ಪತ್ತು ವರ್ಷದಿಂದ ಭೂಗೋಳ ಕಲಿಸುತ್ತಿದ್ದರು. ವಿಮಾನವನ್ನು ತಲೆಯೆತ್ತಿ ನೋಡಿದ್ದರೇ ಹೊರತು ಹತ್ತಿರದಿಂದ ಕಂಡವರಲ್ಲ. ಆದರೂ ಊರಲ್ಲಿ ಯಾರೇ ದೂರ ಹೊರಟರೂ ಅವರನ್ನು ಒಂದು ಮಾತು ಕೇಳಿಯೇ ಹೊರಡುತ್ತಿದ್ದರು. ಅದರ ಜಂಭ ಅವರಿಗೂ ಇತ್ತು, ಸ್ವಲ್ಪ ಹೆಚ್ಚಾಗಿಯೇ.

೧೯೭೮ರಲ್ಲಿ ಒಂದು ಸಂಜೆ ಅವರ ಅಣ್ಣ ಷಣ್ಮುಖಪ್ಪ ತೀರಿಕೊಂಡರು. ಅಣ್ಣನ ಒಬ್ಬಳೇ ಮಗಳು, ಮಂಗಳೂರಿನಲ್ಲಿದ್ದ ಕೊಟ್ರಮ್ಮನಿಗೆ ಟ್ರಂಕ್ ಕಾಲ್ ಮಾಡಿದವರು ಮೇಷ್ಟ್ರೇ.

"ಬೆಳಗಿನ ಜಾವದ ಬಸ್ಸಿಗೆ ಹೊರಡ್ತೀವಿ ಚಿಕ್ಕಪ್ಪ. ಮಧ್ಯಾಹ್ನ ಒಂದಕ್ಕೆಲ್ಲ ಅಲ್ಲಿರ್ತೀವಿ" ಎಂದಳು ಆಕೆ, ಅಳುತ್ತಲೇ.

ಮೇಷ್ಟ್ರು ಆಗಲೇ ಅಟ್ಲಾಸಿನ ಮೇಲೆ ಸ್ಕೇಲಿಟ್ಟು ಅಳೆದಿದ್ದರು. "ಬಸ್ಸು ಬ್ಯಾಡವ್ವ. ಬಜ್ಪೆಯಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರು, ವಿಮಾನದಾಗೆ ಮುಕ್ಕಾಲು ಗಂಟೆ. ಆರಕ್ಕೆ ಹತ್ತಿ, ಅಲ್ಲಿಂದ ಕಾರು ಮಾಡ್ಕೊಂಡ್ರೆ ಹನ್ನೆರಡಕ್ಕೆ ಮನೇಲಿರ್ತೀಯ."

ಉಳಿಯುವುದು ಒಂದೇ ಒಂದು ಗಂಟೆ! ಬಸ್ ಸ್ಟ್ಯಾಂಡಿನಂತೆ ಬಜ್ಪೆ ವಿಮಾನ ನಿಲ್ದಾಣಕ್ಕೂ ಹೋಗಿ ನಿಂತರೆ ಒಂದಲ್ಲ ಒಂದು ವಿಮಾನ ಸಿಕ್ಕೇ ಸಿಗುತ್ತದೆ ಎಂದು ಈ ಭೂಗೋಳದ ಪಂಡಿತರು ತಿಳಿದಿದ್ದರು.

ಬೆಳಿಗ್ಗೆ ಷಣ್ಮುಖಪ್ಪನವರಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು. ಅಷ್ಟರಲ್ಲಿ ಮಗಳು ಬಂದು ಮುಖ ನೋಡಲಿ ಎಂದು ಎಲ್ಲರೂ ಕಾದರು. ಹನ್ನೊಂದಕ್ಕೆ ಪಕ್ಕದ ಅಡಿಕೆ ಮಂಡಿಗೆ ಫೋನ್ ಬಂತು. ಮೇಷ್ಟ್ರು ಓಡಿದರು.

"ಚಿಕ್ಕಪ್ಪ, ಇಲ್ಲಿ ದಿನಕ್ಕೆ ಒಂದೇ ವಿಮಾನವಂತೆ. ಎರಡಕ್ಕೆ ಹೊರಡೋದು. ಬೆಳಗಿನ ಬಸ್ಸೂ ಹೋಯ್ತು. ಆಗಿನಿಂದ ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಈಗ ಲೈನ್ ಸಿಕ್ತು. ಅಪ್ಪನ್ನ ಇಟ್ಕೊಂಡಿರ್ತೀರಲ್ಲ?"

ಮೇಷ್ಟ್ರು ಬೆರಳು ಮಡಚಿ ಲೆಕ್ಕ ಹಾಕಿದರು. ಅವಳು ಮನೆ ಮುಟ್ಟುವಾಗ ರಾತ್ರಿ ಎಂಟು. "ಹ್ಞೂಂ, ಬಾರವ್ವ" ಎಂದು ಫೋನಿಟ್ಟರು. ಮನೆಗೆ ಬಂದು, "ಹೊರಟಾರಂತೆ" ಎಂದಷ್ಟೇ ಹೇಳಿದರು. ಹಾಗೆ ಸುಳ್ಳಾಡಿದ್ದಕ್ಕೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು.

ಅತ್ತಿಗೆ ಕಲ್ಲಮ್ಮ ಗಂಡನ ಮುಖದ ಮೇಲೆ ಕೂರುವ ನೊಣ ಅಟ್ಟುತ್ತ, ಬೀದಿಯಲ್ಲಿ ಮೋಟಾರಿನ ಸದ್ದಾದಾಗಲೆಲ್ಲ ಬಾಗಿಲು ನೋಡುತ್ತಿದ್ದರು. ನೆರೆಯ ಹಿರಿಯ ಮರುಳಸಿದ್ದಪ್ಪ ನಾಲ್ಕೂವರೆಗೆ ಎದ್ದು ನಿಂತರು.

"ಮೇಷ್ಟ್ರೇ, ಇನ್ನೂ ಎಷ್ಟೊತ್ತು ಕಾಯಾಕೆ ಆಗ್ತೈತೆ? ಹೇಳಿಬಿಡ್ರಿ."

ಕಲ್ಲಮ್ಮ ಮತ್ತೆ ಬಾಗಿಲ ಕಡೆ ನೋಡಿದರು. ಮೇಷ್ಟ್ರಿಗೆ ಅದನ್ನು ಸಹಿಸಲಾಗಲಿಲ್ಲ.

"ಕಾಯಬ್ಯಾಡ್ರಿ. ಅವಳು ಬರೋದು ರಾತ್ರಿ ಎಂಟಾಗ್ತೈತೆ. ಬಸ್ಸಿಗೆ ಬಂದಿದ್ರೆ ಒಂದಕ್ಕೇ ಬಂದಿರೋಳು. ಬ್ಯಾಡ, ವಿಮಾನ ಹತ್ತು ಅಂದೋನು ನಾನು. ಹನ್ನೊಂದಕ್ಕೇ ಗೊತ್ತಾತು. ಬಾಯಿ ಬಿಡಲಿಲ್ಲ."

ಯಾರೂ ಬೈಯಲಿಲ್ಲ. ಕಲ್ಲಮ್ಮ ನೊಣ ಅಟ್ಟುವುದನ್ನು ಬಿಟ್ಟು ಮೈದುನನ ಕಡೆ ತಿರುಗಿದರು.

"ಅಪ್ಪ ಎಲ್ಲಿ ಅಂತ ಅವಳು ಕೇಳಿದ್ರೆ ನನ್ನ ಕೈಲಿ ಹೇಳಾಕೆ ಆಗಲ್ಲ, ಮುರುಗೇಶಿ. ಬಾಗಿಲಾಗೆ ನೀನೇ ನಿಂತಿರು."

ಷಣ್ಮುಖಪ್ಪನವರನ್ನು ಎತ್ತಿದರು. ಹೆಗಲು ಕೊಡಲು ಬಂದ ಮೇಷ್ಟ್ರು, ಮಗಳಿಗೆ ತಪ್ಪಿದ್ದು ತಮಗೂ ಬೇಡವೆಂದು ಹಿಂದೆ ಸರಿದರು. ಅಣ್ಣನ ಗುಣಿಗೆ ಒಂದು ಹಿಡಿ ಮಣ್ಣು ಹಾಕುವುದಕ್ಕೂ ಹೋಗದೆ, ಆ ಬಾಗಿಲಲ್ಲೇ ನಿಂತರು.