ಹಳೆಯ ಗೆರೆಗಳಲ್ಲಿ ವರ್ನಾಳ ಸೋಲು

ಸಂಜೆ ತರಗತಿಯಲ್ಲಿ ಅಂಕಿಅಂಶ ಕಲಿತ ನನ್ನಂಥವಳು ಇದನ್ನು ಹೇಳಲು ಹೊರಟಿರುವುದಕ್ಕೆ ಕ್ಷಮೆಯಿರಲಿ. ಲೆಕ್ಕದಲ್ಲಿ ನಾನೇ ತಪ್ಪಿರಬಹುದು. ಆದರೂ ಆ ಸೆಪ್ಟೆಂಬರಿನ ಬೆಳಗಿನ ವಿಷಯ ಹೇಳದೆ ಇರಲಾರೆ.

ಅಮೆರಿಕದ ಅಯೋವಾ ರಾಜ್ಯದ ನಮ್ಮ ಪಕ್ಷದ ಕಚೇರಿಯಲ್ಲಿ ಫಲಿತಾಂಶ ಅಂದಾಜಿಸುವುದು ಗ್ರೇಡಿ ಪೆಲ್‌ನ ಕೆಲಸ. ನಾನು ಅವನ ಸಹಾಯಕಿ. ದೇಶದ ಅಧ್ಯಕ್ಷರು ನಮ್ಮ ಪಕ್ಷದವರೇ. ಅವರ ಅವಧಿಯ ನಡುವೆ ಬರುವ ಚುನಾವಣೆಯಲ್ಲಿ ಅವರದೇ ಪಕ್ಷ ಸೋಲುವುದು ವಾಡಿಕೆ ಎಂದು ಗ್ರೇಡಿ ಗೋಡೆಗೆ ಅಂಟಿಸಿದ ನಮ್ಮ ಕ್ಷೇತ್ರದ ನಕ್ಷೆ, ಸೋಲಿಗೊಂದು ಕೆಂಪು ಚುಕ್ಕೆ ಹೊತ್ತು, ಸಾರುತ್ತಿತ್ತು. ಹಾಗಾಗದ ತೊಂಬತ್ತೆಂಟನೇ ಇಸವಿಯನ್ನೂ ಎರಡು ಸಾವಿರದ ಎರಡನ್ನೂ 'ವಿಶೇಷ ವರ್ಷ' ಎಂದು ಅವನು ಅಳಿಸಿಹಾಕಿದ್ದ.

ವಾಷಿಂಗ್ಟನ್ನಿನ ಸಂಸತ್ತಾದ ಕಾಂಗ್ರೆಸ್ಸಿಗೆ ನಿಂತಿದ್ದ ನಮ್ಮ ಅಭ್ಯರ್ಥಿ ವರ್ನಾ ಸ್ಟೋಲ್ಕ್ ಅಂದು ಕಚೇರಿಗೆ ಬಂದಳು.

"ಮನೆಮನೆ ತಿರುಗಿ ಪ್ರಚಾರ ಮಾಡೋ ಹುಡುಗರನ್ನ ಪಕ್ಕದ ಕ್ಷೇತ್ರಕ್ಕೆ ಕಳಿಸ್ತಿದೀವಿ ಕಣಮ್ಮಾ," ಎಂದ ಗ್ರೇಡಿ, ಡೋನಟ್ಟಿನ ಸಕ್ಕರೆ ಮೆತ್ತಿದ ಬೆರಳು ನೆಕ್ಕುತ್ತ. "ಇಂಥಾ ಚುನಾವಣೆ ಬಂದಾಗೆಲ್ಲ ಇಲ್ಲಿ ಸೋತಿದೀವಿ."

"ಇಲ್ಲಿ ಅಂದ್ರೆ ಎಲ್ಲಿ?" ವರ್ನಾ ನಕ್ಷೆಯ ಹತ್ತಿರ ಹೋದಳು. "ಕ್ಷೇತ್ರದ ಗಡಿ ಗೆರೆ ಹೊಸದಾಗಿ ಎಳೆದಿದ್ದು ಮರ್ತೇ ಹೋಯ್ತಾ? ಇದರಲ್ಲಿರೋ ಅರ್ಧ ಊರುಗಳು ಈಗ ನನ್ನ ಕ್ಷೇತ್ರದಲ್ಲೇ ಇಲ್ಲ. ಹೊಸದಾಗಿ ಸೇರಿರೋ ಊರುಗಳು ಇದರಲ್ಲಿ ಇಲ್ವೇ ಇಲ್ಲ!"

"ಎಲ್ಲಾ ಕಡೆ ಜನ ಜನಾನೇ. ಗೆರೆ ಬದಲಾದ್ರೆ ಬುದ್ಧಿ ಬದಲಾಗುತ್ತಾ?"

"ಹಂಗಾದ್ರೆ ಸತ್ತ ನಿಮ್ಮಜ್ಜಿ ಓಟನ್ನೂ ಸೇರಿಸ್ಕೊಳಪ್ಪಾ!"

ನಾನು ಕುರ್ಚಿಯಿಂದ ಎದ್ದೆ. "ಅವರು ಹೇಳೋದು ಸರಿ ಅನ್ಸುತ್ತೆ. ಹೊಸ ಊರುಗಳನ್ನ ಹಾಕಿ ಇನ್ನೊಂದ್ಸಲ ನೋಡಿದ್ರೆ..."

"ಓಹೋ! ಸಂಜೆ ಶಾಲೆ ಪ್ರೊಫೆಸರಮ್ಮ ಬಾಯಿ ಬಿಟ್ಟರು!" ಎಂದ ಗ್ರೇಡಿ.

ಕಚೇರಿಯೆಲ್ಲ ನಕ್ಕಿತು. ಮಧ್ಯಾಹ್ನದೊಳಗೆ ಕಾರ್ಯಕರ್ತರ ವ್ಯಾನುಗಳು ಪಕ್ಕದ ಕ್ಷೇತ್ರಕ್ಕೆ ಹೊರಟವು. ವರ್ನಾ ಗಂಡನ ಪಿಕಪ್ ಗಾಡಿ ಓಡಿಸಿಕೊಂಡು ಒಬ್ಬಳೇ ಮನೆಮನೆ ಬಾಗಿಲು ತಟ್ಟುತ್ತ ತಿರುಗಿದಳು.

ನವೆಂಬರಿನಲ್ಲಿ ಅವಳು ಸೋತಳು. ಒಂದು ಸಣ್ಣ ಚರ್ಚಿನ ಬೆಂಚುಗಳಲ್ಲಿ ಹಿಡಿಸುವಷ್ಟು ಜನರ ಓಟುಗಳ ಅಂತರ.

ಗ್ರೇಡಿ ಕಡುಬಿನಂಥ ಸೇಬಿನ ಪೈ ತರಿಸಿದ. ಸೋತದ್ದು ನಮ್ಮದೇ ಪಕ್ಷ, ಆದರೂ ಚಪ್ಪಾಳೆ! ಹಳೆಯ ಗೆರೆಗಳ ಅದೇ ನಕ್ಷೆಯ ಮೇಲೆ ವರ್ನಾಳ ಸೋಲನ್ನು ಕೆಂಪು ಚುಕ್ಕೆಯಾಗಿ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದ. "ನೋಡಿದ್ರಾ? ಇತಿಹಾಸ ಸುಳ್ಳು ಹೇಳಲ್ಲ. ಮುಂದಿನ ಸಲಕ್ಕೆ ಇನ್ನೊಂದು ಸಾಕ್ಷಿ ಸಿಕ್ತು."

ಅವನ ಬೆರಳಿನ ಜಿಡ್ಡು ಚುಕ್ಕೆಯ ಸುತ್ತ ಹರಡಿತು. ನನ್ನ ಪಾಲಿನ ಪೈಯನ್ನು ಮುಟ್ಟದೆ ಕಸದ ಬುಟ್ಟಿಗೆ ಹಾಕಿದೆ.

ಮರುದಿನ ವರ್ನಾ ಫೋನ್ ಮಾಡಿದಳು. "ಆ ಹುಡುಗರು ಇಲ್ಲೇ ಇದ್ದಿದ್ರೆ ಗೆಲ್ತಿದ್ನೇನಮ್ಮಾ? ನೀನಾದ್ರೂ ಹೇಳು."

ಹೊಸ ಊರುಗಳನ್ನು ಸೇರಿಸಿ ಅಂದಿನಿಂದ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಒಮ್ಮೆ ಗೆಲ್ಲುತ್ತಾಳೆ, ಒಮ್ಮೆ ಸೋಲುತ್ತಾಳೆ. ನನಗೆ ಗೊತ್ತಿಲ್ಲ.