ಬರಿಗಲ್ಲಿನ ಎರಡು ಸುತ್ತು

ವಿದ್ಯಾಶ್ರೀಗೆ ಸಿಟ್ಟು ಬಂದದ್ದು ಅವತ್ತೇ ಮೊದಲಲ್ಲ. ಆರು ವರ್ಷದಿಂದ ಪಿಎಚ್‌ಡಿ ಗೈಡ್ ಓಂಕಾರಮೂರ್ತಿಯವರ ಚೀಲ ಹೊತ್ತು, ಅವರ ಮಗಳ ಲಗ್ನಪತ್ರಿಕೆ ಹಂಚಿ, ಅವರ ಹೆಸರಲ್ಲಿ ಲೇಖನ ಬರೆದುಕೊಟ್ಟು ಸಾಕಾಗಿಹೋಗಿತ್ತು. ವಸಾಹತೋತ್ತರ ಮಹಿಳಾ ಸಾಹಿತ್ಯ, ಹೆಂಗಸರ ಬೀಸುವ ಪದ ಎರಡನ್ನೂ ಸೇರಿಸಿ ಬರೆದ ಪ್ರಬಂಧ ಸಿದ್ಧವಾಗಿತ್ತು. ಆ ಮಹಾನುಭಾವರ ಒಂದು ಸಹಿ ಬೀಳಬೇಕು. ಸೋಮವಾರದೊಳಗೆ ಬೀಳದಿದ್ದರೆ ನೋಂದಣಿಯೇ ರದ್ದು, ಕಾಲೇಜಿನ ಕಾಯಂ ಕೆಲಸವೂ ಹೋದಂತೆ.

"ಶನಿವಾರ ಕಡೂರಿನ ಸೆಮಿನಾರಿಗೆ ನಿನ್ನ ಆ ಮುದುಕಿನ ಕರ್ಕೊಂಡ್ ಬಾ, ಅಲ್ಲೇ ಸಹಿ ಹಾಕ್ತೀನಿ" ಅಂದಿದ್ದರು.

ಆ ಮುದುಕಿ ಅಂದರೆ ಅಜ್ಜಂಪುರದ ಕಡೆಯ ಈರಕ್ಕ. ಪ್ರಬಂಧದ ಅರ್ಧ ಪದಗಳು ಅವಳ ಬಾಯಿಂದಲೇ ಬಂದವು. ವಿದ್ಯಾಶ್ರೀ ತರೀಕೆರೆಯಿಂದ ಬಸ್ಸು ಹತ್ತಿ ಹೋದಾಗಲೆಲ್ಲ ಮೊದಲು ಮುದ್ದೆ ಇಕ್ಕಿ, ಆಮೇಲೆ ಪದ ಹೇಳಿದವಳು.

ಶನಿವಾರ ಸೆಮಿನಾರಿನ ವೇದಿಕೆ ಮೇಲೆ ಬೀಸೋ ಕಲ್ಲು ಇಟ್ಟಿದ್ದರು. ಸುತ್ತ ರಂಗೋಲಿ, ಚೆಂಡುಹೂವು ಎಲ್ಲ ಇತ್ತು, ಕಾಳು ಮಾತ್ರ ಇರಲಿಲ್ಲ. ಈರಕ್ಕ ಗೂಟ ಮುಟ್ಟಲಿಲ್ಲ.

"ಬರಿಗಲ್ಲು ತಿರುಗಿಸಬಾರ್ದು ಕಣ್ರೀ, ಮನೇಗೆ ಆಗ್ಬರಲ್ಲ. ಒಂದ್ ಹಿಡಿ ರಾಗಿ ತರ್ಸಿ."

"ಫೋಟೋಗೆ ಎರಡು ಸುತ್ತು ಸಾಕು ಕಣಮ್ಮ. ಈಗ ರಾಗಿ ಎಲ್ಲಿಂದ ತರೋದು?" ಅಂದರು ಓಂಕಾರಮೂರ್ತಿ.

ಈರಕ್ಕ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಓಂಕಾರಮೂರ್ತಿ ಸಾಹೇಬರು ಮೈಕಿನಲ್ಲಿ ನಕ್ಕರು. "ಹಳ್ಳಿ ಹೆಂಗಸರು ನೋಡಿ, ವೇದಿಕೆ ಕಂಡರೆ ಹೆದರ್ತಾರೆ." ಹೆಣ್ಣಿನ ದನಿಗೆ ಕಿವಿಗೊಡಬೇಕು ಅಂತ ಬೆಳಿಗ್ಗೆ ಒಂದು ಗಂಟೆ ಕೊರೆದಿದ್ದ ಬಾಯಿಯೇ ಇದು. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಅಂತ ದೊಡ್ಡವರು ಸುಮ್ಮನೆ ಅಂದಿಲ್ಲ. ವಿದ್ಯಾಶ್ರೀಗೆ ಮೈಯೆಲ್ಲ ಉರಿಯಿತು. ಆ ಮೈಕು ಕಿತ್ತುಕೊಂಡು ಮುಖಕ್ಕೆ ಉಗಿಯಬೇಕು ಅನ್ನಿಸಿತು.

ಅಷ್ಟರಲ್ಲಿ ಅವರು ಅವಳ ಕಡೆ ತಿರುಗಿದರು. "ನೀನೇ ಹೇಳಮ್ಮ ಅವಳಿಗೆ. ನಿನ್ನ ಫೈಲು ಕಾರಲ್ಲೇ ಇದೆ."

ಉಗಿಯಲಿಲ್ಲ ಅವಳು. ಹೆಣ್ಣು ಬೇಡ ಅಂದರೆ ಬೇಡ ಅಂತ ಒಂದು ಅಧ್ಯಾಯವನ್ನೇ ಬರೆದ ಮಹಾತಾಯಿ, ಹೋಗಿ ಈರಕ್ಕನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಎರಡೇ ಸುತ್ತು ಅಜ್ಜಿ, ನನಗೋಸ್ಕರ" ಅಂದಳು.

ಈರಕ್ಕ ಅವಳ ಮುಖವನ್ನೇ ನೋಡಿದಳು. ಆಮೇಲೆ ಗೂಟ ಹಿಡಿದು ತಿರುಗಿಸಿದಳು. ಕಲ್ಲಿಗೆ ಕಲ್ಲು ಉಜ್ಜಿ ಕರಕರ ಅಂದಿತು. ಪದ ಹೇಳಲಿಲ್ಲ. ಫೋಟೋದವನಿಗೆ ಪದ ಬೇಕಾಗಿರಲೂ ಇಲ್ಲ.

ಸಹಿ ಬಿತ್ತು. ಫೈಲು ಎದೆಗವಚಿಕೊಂಡು ಅಜ್ಜಿಯನ್ನು ಬಸ್ ಸ್ಟ್ಯಾಂಡಿಗೆ ಕರೆತಂದಳು. ಓಂಕಾರಮೂರ್ತಿ ಮೇಲಿದ್ದ ಸಿಟ್ಟೆಲ್ಲ ತನ್ನ ಮೇಲೇ ತಿರುಗಿತ್ತು. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ ಅಂದುಕೊಂಡಳು.

ಅಜ್ಜಂಪುರದ ಬಸ್ಸು ಬಂತು. ಹತ್ತುವ ಮೊದಲು ಈರಕ್ಕ ಕೇಳಿದಳು, "ನಿನ್ ಕೆಲ್ಸ ಆಯ್ತೇನವ್ವ?"

"ಆಯ್ತಜ್ಜಿ."

"ಒಳ್ಳೇದಾಯ್ತು. ಇನ್ಮೇಲೆ ನಮ್ಮನೇಗೆ ಬರ್ಬೇಡ."