ಬೋರಿಂಗಿಗೆ ಬಳಿದ ಕೆಂಪು ಬಣ್ಣ

ಬಳಗಾನೂರಿನ ಕೆಳಗಿನ ಓಣಿಗೆ ಇದ್ದದ್ದು ಕೈಯಿಂದ ಹೊಡೆಯುವ ಒಂದೇ ಬೋರಿಂಗು. ನೀರು ಪರೀಕ್ಷೆಯವರು ಅದರ ಹಿಡಿಗೆ ಕೆಂಪು ಬಣ್ಣ ಬಳಿದು ಹೋದಾಗಿನಿಂದ ಅಮರಮ್ಮನಿಗೆ ಊಟ ಸೇರುತ್ತಿರಲಿಲ್ಲ. ನೀರಿನಲ್ಲಿ ತಾಮ್ರದ ಅಂಶ ಮಿತಿ ಮೀರಿದೆ, ಯಾರೂ ಕುಡಿಯಬಾರದು ಎಂದು ಪರೀಕ್ಷೆಯ ವರದಿ ಬಂದಿತ್ತು. ಊರಿನ ಬೇರೆ ಬೋರಿಂಗುಗಳು ದೂರವಿದ್ದದ್ದರಿಂದ ಓಣಿಯ ಹೆಂಗಸರು ಕೊಡ ಹೊತ್ತು ಹತ್ತಿರದ ಕಾಲುವೆಯ ದಾರಿ ಹಿಡಿದರು. ಭತ್ತದ ಗದ್ದೆಯ ಔಷಧಿ, ಎಮ್ಮೆ ಮೈತೊಳೆದ ನೀರು ಎಲ್ಲ ಸೇರುವ ಕಾಲುವೆ ಅದು. ನಾಲ್ಕು ದಿನ ಕುಡಿದದ್ದೇ ತಡ, ಪಕ್ಕದ ಮನೆ ಯಂಕಮ್ಮನ ಸಣ್ಣ ಮಗಳಿಗೆ ವಾಂತಿ ಭೇದಿ ಹಿಡಿಯಿತು.

ಲಿಂಗಸುಗೂರಿನಿಂದ ನೀರು ಪರೀಕ್ಷೆಯ ಯೂನುಸ ಬಸ್ಸಿಳಿದು ಬಂದಾಗ ಅಮರಮ್ಮ ಸೆರಗು ಸಿಕ್ಕಿಸಿಕೊಂಡು ಎದುರಿಗೇ ನಿಂತಳು.

"ನನ್ನ ಮಕ್ಕಳು ಇದೇ ನೀರು ಕುಡದು ದೊಡ್ಡವರಾಗ್ಯಾರ. ಈಗ ಕೆಟ್ಟತೇನು? ನಿಮ್ಮ ಮಷೀನಿಗೇ ಏನೋ ರೋಗ ಬಂದೈತಿ ನೋಡಪ್ಪ!"

ಯೂನುಸ ನಕ್ಕ. "ಬರಬಹುದು ಯವ್ವಾ. ಅದಕ್ಕ ಮಷೀನಿಗೂ ಪರೀಕ್ಷೆ ಮಾಡ್ತೀವಿ. ತಾಮ್ರ ಎಷ್ಟೈತಂತ ಮೊದಲ ಗೊತ್ತಿರೋ ನೀರು ಹಾಕಿ ನೋಡ್ತೀವಿ. ಕಿರಾಣಿ ಅಂಗಡಿ ತಕ್ಕಡಿಗೆ ಸರ್ಕಾರಿ ಮುದ್ರೆ ಕಲ್ಲಿಟ್ಟು ನೋಡ್ತಾರಲ್ಲ, ಹಂಗ. ಮಷೀನು ಸರಿ ಐತಿ. ಆದ್ರ ಊರಾಗ ಬ್ಯಾರೆ ಯಾವ ಬೋರಿಂಗಿನಾಗೂ ಇಲ್ಲದ ತಾಮ್ರ ಇದರಾಗ ಎಲ್ಲಿಂದ ಬಂತು? ಆವತ್ತು ಪರೀಕ್ಷೆಗೆ ಬಾಟ್ಲಿ ತುಂಬಿ ಕೊಟ್ಟವರು ಯಾರ್ರೀ?"

"ನಾನ!" ಅಂದಳು ಅಮರಮ್ಮ. ಒಳಗೆ ಹೋಗಿ ಥಳಥಳ ಹೊಳೆಯುವ ತಾಮ್ರದ ಕೊಡ ತಂದಿಟ್ಟಳು. "ಸರ್ಕಾರಕ್ಕ ಹೋಗೋ ನೀರಂತ ಹುಣಸಿಹಣ್ಣು ಹಚ್ಚಿ ತಿಕ್ಕಿದ್ದೆ. ರಾತ್ರಿನ ತುಂಬಿಟ್ಟು, ಮುಂಜಾನೆ ತಿಳಿ ನೀರು ಬಾಟ್ಲಿಗೆ ಬಗ್ಗಿಸಿದೆ. ಅಷ್ಟು ಮಡಿಯಿಂದ ಮಾಡೀನಿ."

ಯೂನುಸ ಬಗ್ಗಿ ಕೊಡದೊಳಗೆ ಇಣುಕಿ ನೋಡಿದ. ಅಮರಮ್ಮನ ಮುಖ ಕೆಂಪಗಾಯಿತು.

"ಯಾಕ? ನನ್ನ ಕೊಡ ಹೊಲಸಂತೀಯೇನು?"

"ಇಲ್ಲ ಯವ್ವಾ. ಹುಳಿ ತಾಗಿದ್ರ ತಾಮ್ರ ನೀರಿಗೆ ಚೂರು ಬಿಡತೈತಿ. ನಾವು ಹುಡುಕಾಕತ್ತಿದ್ದು ಅಂಥ ಚೂರನ್ನ. ನನ್ನ ಮಾತು ನಂಬಬ್ಯಾಡ್ರಿ, ನೋಡೇ ಬಿಡೋಣ."

ಚೀಲದಿಂದ ಒಂದು ಕ್ಯಾನು ತೆಗೆದ. ತಾಮ್ರದ ಸುಳಿವೇ ಇಲ್ಲದ ಶುದ್ಧ ನೀರು ಅದರಲ್ಲಿತ್ತು. ಆಮೇಲೆ ಹೋಲಿಸಿ ನೋಡಲು ಒಂದಿಷ್ಟನ್ನು ಬಾಟಲಿಗೆ ಹಾಕಿ ಮುಚ್ಚಿಟ್ಟುಕೊಂಡ. ಉಳಿದದ್ದನ್ನು ಕೊಡಕ್ಕೆ ಸುರಿಯಲು ಕೊಟ್ಟ. ಅಮರಮ್ಮ ಹಟದಿಂದಲೇ ಕೊಡವನ್ನು ಅಂದಿನಂತೆ ತಿಕ್ಕಿ ತೊಳೆದು, ಆ ನೀರು ತುಂಬಿ ರಾತ್ರಿಯಿಡೀ ಇಟ್ಟಳು. ಮರುದಿನ ಅವನು ಬಂದು ಆ ನೀರನ್ನು ತುಂಬಿಕೊಂಡ. ಬೋರಿಂಗನ್ನು ಚೆನ್ನಾಗಿ ಹೊಡೆದು, ಮೊದಲ ನೀರು ಹರಿಯಬಿಟ್ಟು, ನೇರವಾಗಿ ಎರಡು ಬಾಟಲಿ ಹಿಡಿದ.

"ಒಂದೇ ನೀರು ಎರಡು ಬಾಟ್ಲಿ ಯಾಕಪ್ಪ?"

"ಎರಡೂ ಒಂದೇ ಮಾತು ಹೇಳ್ತಾವೇನಂತ ನೋಡಾಕ."

ಮುಂದಿನ ಸಂತೆಯ ದಿನ ಯೂನುಸ ಬಂದ. ಕೆಂಪಿನ ಮೇಲೆ ಬಳಿಯಲು, ಕುಡಿಯಬಹುದು ಎಂಬ ಗುರುತಿನ ನೀಲಿ ಬಣ್ಣದ ಡಬ್ಬಿ ಕೈಯಲ್ಲಿತ್ತು. ಬೋರಿಂಗಿನ ಎರಡೂ ಬಾಟಲಿ ಶುದ್ಧ. ಮುಚ್ಚಿಟ್ಟ ನೀರೂ ಶುದ್ಧ. ತಾಮ್ರ ಕಂಡದ್ದು ಕೊಡದ ನೀರಿನಲ್ಲಿ ಮಾತ್ರ.

ಅಮರಮ್ಮ ಅಲ್ಲೇ ಕಟ್ಟೆಯ ಮೇಲೆ ಕೂತಳು. "ಅಯ್ಯೋ, ನನ್ನ ಕೈಯಾರ ಓಣಿ ನೀರು ನಿಲ್ಲಿಸಿದೆನಲ್ಲೋ. ಆ ಕೂಸಿಗೆ ಏನಾದ್ರೂ ಆಗಿದ್ರ?"

"ನಿಮ್ಮ ತಪ್ಪಲ್ಲ ಯವ್ವಾ. ಹೆಂಗ ತುಂಬಬೇಕಂತ ಬಾಟ್ಲಿ ಕೊಟ್ಟವರು ಹೇಳಬೇಕಿತ್ತು. ಒಂದ ಬಾಟ್ಲಿ ನಂಬಿ ಬಣ್ಣ ಬಳದದ್ದು ನಮ್ಮ ತಪ್ಪು."

ಅಷ್ಟರಲ್ಲಿ ಯಂಕಮ್ಮ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಮಗು ಸೊರಗಿತ್ತು, ಆದರೆ ಕಣ್ಣು ಗೆಲುವಾಗಿತ್ತು. ಅಮರಮ್ಮ ಎದ್ದು ಬೋರಿಂಗಿನ ಹಿಡಿ ಹಿಡಿದಳು. ಯಂಕಮ್ಮ ಕೊಡ ಮುಂದೆ ಒಡ್ಡಿದಳು.

"ಕೊಡ ಆಮ್ಯಾಲ," ಅಂದಳು ಅಮರಮ್ಮ. "ಮೊದಲ ಕೂಸು ಬೊಗಸಿ ಹಿಡೀಲಿ."

ಬಂಧುಗಳೇ, ನಿಮ್ಮ ಓಣಿಯ ನೀರನ್ನೂ ನಾಳೆ ಪರೀಕ್ಷೆಗೆ ಕೇಳಬಹುದು. ಅವರು ಕೊಟ್ಟ ಬಾಟಲಿಯಲ್ಲೇ, ಹೇಳಿಕೊಟ್ಟ ಹಾಗೆಯೇ, ಬೋರಿಂಗಿನಿಂದ ನೇರವಾಗಿ ಹಿಡಿಯಿರಿ. ಮನೆಯ ಪಾತ್ರೆ ಎಷ್ಟೇ ಹೊಳೆಯಲಿ, ನಡುವೆ ತರಬೇಡಿ. ವರದಿ ಕೆಟ್ಟದ್ದು ಬಂದರೆ ಆ ನೀರು ಕುಡಿಯುವುದನ್ನು ನಿಲ್ಲಿಸಿ, ಆದರೆ ಕಾಲುವೆಗೆ ಹೋಗದೆ, ದೂರವಾದರೂ ಪರೀಕ್ಷೆಯಲ್ಲಿ ಸರಿ ಬಂದ ಬೇರೆ ಬೋರಿಂಗಿನ ನೀರು ತನ್ನಿ. ಮತ್ತೊಮ್ಮೆ ಪರೀಕ್ಷೆ ಮಾಡಿ ಎಂದು ಕೇಳಲು ಸಂಕೋಚವೂ ಬೇಡ. ಕುಡಿಯುವವರು ನಿಮ್ಮ ಮಕ್ಕಳು.